ರೂವಾರಿ ಮಲ್ಲಿತಮ್ಮನ ‘ಮ’

ಹೊಯ್ಸಳ ದೇವಾಲಯಗಳ ಹೊರಗೋಡೆಯ ವಿಗ್ರಹಗಳಲ್ಲಿ ಹಲವದರ ಪೀಠದ ಅಂಚಿನಲ್ಲಿ ಸಣ್ಣ ಹಳಗನ್ನಡ ಅಕ್ಷರಗಳಿವೆ. ಅವು ಆ ವಿಗ್ರಹ ಕಡೆದವರ ಹೆಸರುಗಳು. 12 ಮತ್ತು 13ನೆಯ ಶತಮಾನದ ಕನ್ನಡನಾಡಿನಲ್ಲಿ ಶಿಲ್ಪಿಯನ್ನು ರೂವಾರಿ ಎನ್ನುತ್ತಿದ್ದರು. ಇಷ್ಟು ಮಂದಿ ರೂವಾರಿಗಳು ತಮ್ಮ ಕೆಲಸಕ್ಕೆ ತಾವೇ ರುಜು ಹಾಕಿದ್ದು ಭಾರತೀಯ ಶಿಲ್ಪದಲ್ಲಿ ಅಪರೂಪದ ಸಂಗತಿ.

ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಈ ರುಜುಗಳು ಮದನಿಕೆಗಳ ಕಾಲಬುಡದಲ್ಲಿ ಸಿಗುತ್ತವೆ. ಕಂಬದ ಬೋದಿಗೆಯಿಂದ ಸೂರಿನತ್ತ ಓರೆಯಾಗಿ ಚಾಚಿದ ಈ ಬೊಮ್ಮೆಗಳು ಒಳಗಿನ ನಾಲ್ಕೂ ಸೇರಿ 42. ಕೆಲವು ಬಳ್ಳಿಗಾವೆಯ ದಾಸೋಜನವು, ಕೆಲವು ಅವನ ಮಗ ಚಾವಣನವು. ತಂದೆ ಮಗ ಇಬ್ಬರೂ ಬರಿಯ ಹೆಸರಿಗೆ ತೃಪ್ತರಾದವರಲ್ಲ. ಊರು, ತಂದೆಯ ಹೆಸರು, ಎದುರಾಳಿ ರೂವಾರಿಗಳನ್ನು ಮಣಿಸಿದ ಬಿರುದು ಎಲ್ಲವೂ ಆ ಇಕ್ಕಟ್ಟಾದ ಪೀಠದಲ್ಲೇ ಆಗಬೇಕು. ಕಸುಬಿನ ಹೆಮ್ಮೆ ಅಲ್ಲಿ ಎದ್ದು ಕಾಣುತ್ತದೆ. ಈ ಗುಡಿಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಂತೆ ಗಟ್ಟಿ. ಬಳೆ, ಜಡೆಯ ಎಳೆಗಳಂಥ ನವುರು ಕೆಲಸಕ್ಕೂ ಈ ಪುಟ್ಟ ಅಕ್ಷರಗಳಿಗೂ ಒದಗಿಬಂದದ್ದು ಅದರ ಈ ಗುಣವೇ.

ಮಲ್ಲಿತಮ್ಮನ ದಾರಿ ಬೇರೆ. ಅವನ ರುಜು ಒಮ್ಮೆ ‘ಮಲ್ಲಿತಮ್ಮ’, ಒಮ್ಮೆ ‘ಮಲ್ಲಿ’, ಕೆಲವೆಡೆ ಬರಿಯ ‘ಮ’. ಒಂದೇ ಅಕ್ಷರ ಸಾಕೆನ್ನಬೇಕಾದರೆ ಅದು ಯಾರದೆಂದು ಜೊತೆಗಾರರಿಗೆಲ್ಲ ಗೊತ್ತಿರಬೇಕು. 1246ರ ನುಗ್ಗೇಹಳ್ಳಿ ಲಕ್ಷ್ಮೀನರಸಿಂಹ ಗುಡಿಯಲ್ಲಿ ಉತ್ತರ ಬದಿಯ ಕೆಲಸ ಅವನದು, ದಕ್ಷಿಣ ಬದಿಯದು ನಂದಿಯ ಬೈಚೋಜನದು. ಒಂದೇ ಗುಡಿಯ ಎರಡು ಗೋಡೆಗಳಲ್ಲಿ ಎರಡು ಕೈಗಳನ್ನು ಹೋಲಿಸಿ ನೋಡುವ ಇಂಥ ಅವಕಾಶ ಕೊಟ್ಟದ್ದು ಆ ರುಜುಗಳೇ. ಸೋಮನಾಥಪುರದ ಕೇಶವ ಗುಡಿಯಲ್ಲಿ (1268) ಸುಮಾರು 40 ವಿಗ್ರಹಗಳ ಕೆಳಗೆ ಮಲ್ಲಿತಮ್ಮನ ಹೆಸರಿದೆ. ಮಸಣಿತಮ್ಮ, ಚೌಡೆಯ, ನಂಜೆಯ ಮೊದಲಾದವರೂ ಜೊತೆಗಿದ್ದಾರೆ. 1196ರ ಅಮೃತಾಪುರದ ಗುಡಿಯಲ್ಲೂ ಮಲ್ಲಿತಮ್ಮನ ಹೆಸರು ಇರುವುದರಿಂದ, ಎಪ್ಪತ್ತು ವರ್ಷ ಉಳಿ ಹಿಡಿದವನು ಒಬ್ಬನೇ ಅಥವಾ ಹೆಸರು ಹಂಚಿಕೊಂಡ ಇಬ್ಬರೇ ಎಂಬ ಪ್ರಶ್ನೆ ಏಳುವುದು ಸಹಜ.

ಹೀಗೆ ಕಲ್ಲಿನಲ್ಲಿ ಹೆಸರು ಕೆತ್ತುವ ಪದ್ಧತಿ ಬೈಜಾಂಟಿಯಂನಲ್ಲೂ ಇತ್ತು, ಅಲ್ಲಿ ಕಂಬದ ತಲೆಯಲ್ಲಿ. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾದ (532–537) ಅಮೃತಶಿಲೆಯ ಬೋದಿಗೆಗಳಲ್ಲಿ ಗ್ರೀಕ್ ಅಕ್ಷರಗಳನ್ನು ಒಂದರೊಳಗೊಂದು ಹೆಣೆದ ಮುದ್ರೆಗಳಿವೆ. ಕೆಲವದರಲ್ಲಿ ಅಕ್ಷರಗಳು ಶಿಲುಬೆಯ ತೋಳುಗಳಿಗೆ ಅಂಟಿಕೊಂಡಿವೆ. ಬಿಡಿಸಿ ಓದಿದರೆ ಸಿಗುವುದು ಸಾಮ್ರಾಟ ಜಸ್ಟಿನಿಯನ್, ರಾಣಿ ಥಿಯೊಡೊರಾ ಮತ್ತು ಅವರ ಪದವಿಗಳು. ಅಲ್ಲಿ ಮೆರೆಯುವುದು ಕಟ್ಟಿಸಿದವರ ಹೆಸರು. ಸೋಮನಾಥಪುರದಲ್ಲಿ ಕಟ್ಟಿಸಿದ ಸೋಮನಾಥ ದಂಡನಾಯಕನಿಗೆ ಬಾಗಿಲ ಬಳಿ ಪ್ರತ್ಯೇಕ ಶಾಸನವಿದೆ. ವಿಗ್ರಹದ ಪೀಠ ಮಾತ್ರ ಕಡೆದವನಿಗೆ ಸೇರಿದ್ದು.

ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ 1917ರಲ್ಲಿ ಸೋಮನಾಥಪುರದ ಗುಡಿಯ ಕುರಿತೇ ಪುಸ್ತಕ ಪ್ರಕಟಿಸಿದರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಒಟ್ಟಾಗಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಬೆಂಗಳೂರಿನ ಹನುಮಂತನಗರದ ಕಡೆಯಿಂದ ಹೊರಟವರು ಕನಕಪುರ ರಸ್ತೆಯಲ್ಲಿ ಮಳವಳ್ಳಿ ಹಾಯ್ದು ಸೋಮನಾಥಪುರಕ್ಕೆ ಹೋಗಿ ಒಂದೇ ದಿನದಲ್ಲಿ ಮರಳಬಹುದು. ಗುಡಿಯ ಸುತ್ತಲಿನ ಕಟ್ಟೆಯಾದ ಜಗತಿಯ ಮೇಲೆ ಪ್ರದಕ್ಷಿಣೆ ಬರುವಾಗ ವಿಗ್ರಹದ ಮುಖ ಬಿಟ್ಟು ಪಾದದ ಕೆಳಗಿನ ಪಟ್ಟಿಯನ್ನು ನೋಡುತ್ತ ನಡೆಯಬೇಕು. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಅಕ್ಷರಗಳು ಚೆನ್ನಾಗಿ ಕಾಣುತ್ತವೆ.