ಪ್ರತಿಷ್ಠಾನಗಳ ಅನುದಾನ: ಯಾವ ಕೆಲಸಕ್ಕೆ, ಯಾವ ಷರತ್ತಿಗೆ?

ದೊಡ್ಡ ಕಂಪನಿಗಳೂ ಪ್ರತಿಷ್ಠಾನಗಳೂ ಸಮಾಜಸೇವೆಗೆ ಕೋಟಿಗಟ್ಟಲೆ ಹಣ ಕೊಡುತ್ತಿರುವಾಗ ನಮ್ಮ ಟ್ರಸ್ಟ್ ಏಕೆ ಅರ್ಜಿ ಹಾಕಬಾರದು ಎಂದು ಮಹಾಸಭೆಯಲ್ಲಿ ಸದಸ್ಯರು ಕೇಳುತ್ತಿರುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಈ ವರದಿಯಲ್ಲಿ ವಿವರವಾಗಿ ಕೊಡುತ್ತಿದ್ದೇವೆ.

ಇಂತಹ ಅನುದಾನ ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಒಂದು, ಸಿಎಸ್‌ಆರ್ ಎಂದು ಕರೆಯುವ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ಹಿಂದಿನ ವರ್ಷದಲ್ಲಿ 500 ಕೋಟಿ ರೂ. ನಿವ್ವಳ ಮೌಲ್ಯ, 1,000 ಕೋಟಿ ರೂ. ವಹಿವಾಟು ಅಥವಾ 5 ಕೋಟಿ ರೂ. ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಇದಕ್ಕೆ ಖರ್ಚು ಮಾಡಬೇಕು. ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಗ್ರಾಮೀಣಾಭಿವೃದ್ಧಿ ಮುಂತಾದವು ಅದರ ಪಟ್ಟಿಯಲ್ಲಿವೆ. ಕಂಪನಿ ತಾನು ಇರುವ ಊರಿಗೆ ಮತ್ತು ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಎರಡನೆಯದು, ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನಂತೆ ದಾನಿಯೊಬ್ಬರ ಸ್ವಂತ ಸಂಪತ್ತಿನಿಂದ ನಡೆಯುವ ಪ್ರತಿಷ್ಠಾನಗಳ ಹಣ.

ಕಂಪನಿಯ ಹಣ ಪಡೆಯಲು ನಮ್ಮಂತಹ ಟ್ರಸ್ಟ್‌ಗೆ ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ ಇರಬೇಕು. ಅದೇ ಬಗೆಯ ಕೆಲಸವನ್ನು ಮೂರು ವರ್ಷ ಮಾಡಿದ ದಾಖಲೆ ಬೇಕು. 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ನಮೂನೆಯಲ್ಲಿ ಹೆಸರು ನೋಂದಾಯಿಸುವುದೂ ಕಡ್ಡಾಯವಾಗಿದೆ. ಇವುಗಳ ಜೊತೆಗೆ ಲೆಕ್ಕಪರಿಶೋಧನೆಯಾದ ಹಿಂದಿನ ವರ್ಷಗಳ ಲೆಕ್ಕಪತ್ರಗಳನ್ನು ಸಾಮಾನ್ಯವಾಗಿ ಎಲ್ಲರೂ ಕೇಳುತ್ತಾರೆ.

ಹೊರದೇಶದ ಹಣದ ವಿಷಯ ಬೇರೆ. ಗಲ್ಫ್‌ನಲ್ಲಿ ದುಡಿಯುವ ನಮ್ಮ ಮಕ್ಕಳು ಭಾರತದ ಪ್ರಜೆಗಳಾಗಿದ್ದು, ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದ ದಾನ ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ವಿದೇಶಿ ಸಂಸ್ಥೆಯಿಂದಾಗಲಿ, ಬೇರೆ ದೇಶದ ಪೌರತ್ವ ಪಡೆದವರಿಂದಾಗಲಿ ಹಣ ಪಡೆಯಬೇಕಾದರೆ ಎಫ್‌ಸಿಆರ್‌ಎ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ಹಂಚುವಂತಿಲ್ಲ. ಆದ್ದರಿಂದ ದೊಡ್ಡ ಸಂಸ್ಥೆಯೊಂದರ ಮೂಲಕ ನಮಗೆ ತರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ, ಒಪ್ಪುವ ಮೊದಲು ಸಮಿತಿಗೆ ತಿಳಿಸಿ.

ಕಾಗದಪತ್ರ ಕೂಡಿಸುವುದು ಶ್ರಮದ ಕೆಲಸ, ಅಸಾಧ್ಯವಾದದ್ದಲ್ಲ. ಅದಕ್ಕಿಂತ ಮುಖ್ಯವಾದ ಮಾತು ಅನುದಾನದ ಸ್ವರೂಪ. ಜಕಾತ್ ಹಣವನ್ನು ಅದರ ಹಕ್ಕುದಾರರಿಗಲ್ಲದೆ ಬೇರೆಯವರಿಗೆ ಕೊಡುವಂತಿಲ್ಲ ಎಂಬುದು ನಮಗೆಲ್ಲ ಗೊತ್ತು. ಅನುದಾನವೂ ಹಾಗೆಯೇ ಒಂದು ಅಮಾನತ್. ಶಾಲೆಯ ಶೌಚಾಲಯಕ್ಕೆ ಬಂದ ಹಣದಿಂದ ಬಡ ವಿದ್ಯಾರ್ಥಿಯ ಶುಲ್ಕ ಕಟ್ಟುವಂತಿಲ್ಲ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ. ಪ್ರತಿ ರೂಪಾಯಿಗೆ ರಸೀದಿ, ಕೆಲಸದ ವರದಿ, ಹಣಬಳಕೆಯ ಪ್ರಮಾಣಪತ್ರ ಒಪ್ಪಿಸಬೇಕು.

ಇದಲ್ಲದೆ ಅನುದಾನಕ್ಕೆ ಅವಧಿ ಇರುತ್ತದೆ. ಸಿಎಸ್‌ಆರ್ ನಿಯಮಗಳಲ್ಲಿ ಮುಂದುವರಿಯುವ ಯೋಜನೆಗೂ, ಆರಂಭದ ವರ್ಷ ಬಿಟ್ಟು, ಮೂರು ವರ್ಷದ ಮಿತಿಯಿದೆ. ಕಂಪನಿಯ ಲಾಭ ಇಳಿದರೆ ಆ ಶೇ. 2ರ ಮೊತ್ತವೂ ಇಳಿಯುತ್ತದೆ. ಒಬ್ಬ ಹೆಣ್ಣುಮಗಳು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಸೇರಿದಳು ಎಂದುಕೊಳ್ಳಿ. ಒಂದು ವರ್ಷದ ಅನುದಾನವನ್ನು ನಂಬಿ ಅವಳಿಗೆ ಮಾತು ಕೊಟ್ಟು, ಎರಡನೇ ವರ್ಷ ಹಣ ನಿಂತುಹೋದರೆ, ಕಟ್ಟಿದ ಶುಲ್ಕವೂ ಹೋಯಿತು, ಓದೂ ನಿಂತಿತು. ಬಹುಶಃ ಅವಳ ತಂಗಿಯನ್ನು ಮನೆಯವರು ಕಾಲೇಜಿಗೆ ಕಳುಹಿಸಲಾರರು.

ಆದ್ದರಿಂದ ಕಾರ್ಯಕಾರಿ ಸಮಿತಿ ಒಂದು ನಿಯಮ ಮಾಡಿಕೊಂಡಿದೆ. ಗ್ರಂಥಾಲಯ, ಕಂಪ್ಯೂಟರ್, ಹೊಲಿಗೆ ಯಂತ್ರ, ಕುಡಿಯುವ ನೀರಿನ ಘಟಕ ಮುಂತಾದ, ಒಮ್ಮೆ ಮಾಡಿದರೆ ಉಳಿಯುವ ಕೆಲಸಗಳಿಗೆ ಅನುದಾನ ಕೇಳೋಣ. ವಿದ್ಯಾರ್ಥಿವೇತನ ಮಾತ್ರ ಸದಸ್ಯರ ವಂತಿಗೆ ಮತ್ತು ಸ್ಥಳೀಯ ದಾನದಿಂದಲೇ ನಡೆಯಲಿ. ಕೋರ್ಸ್ ಮುಗಿಯುವವರೆಗೂ ಕೊಡುತ್ತೇವೆ ಎಂದು ಲಿಖಿತವಾಗಿ ಒಪ್ಪುವ ಪ್ರತಿಷ್ಠಾನ ಸಿಕ್ಕರೆ ಆ ಮಾತು ಬೇರೆ. ತಿಂಗಳಿಗೆ ನೂರು ರೂಪಾಯಿ ಕೊಡುವ ಸದಸ್ಯರು ತಮ್ಮದು ಸಣ್ಣ ಮೊತ್ತವೆಂದು ಸಂಕೋಚಪಡಬೇಕಾಗಿಲ್ಲ. ತಪ್ಪದೆ ಬರುವ ಆ ಹಣವನ್ನು ನಂಬಿಯೇ ನಾವು ಮಕ್ಕಳಿಗೆ ಮಾತು ಕೊಡುತ್ತೇವೆ.

ಅರ್ಜಿದಾರರ ಗಮನಕ್ಕೆ: ಕೆಲವು ಪ್ರತಿಷ್ಠಾನಗಳು ವಿದ್ಯಾರ್ಥಿಗಳಿಗೇ ನೇರವಾಗಿ ಹಣ ಕೊಡುತ್ತವೆ. ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ 10 ಮತ್ತು 12ನೇ ತರಗತಿ ಓದಿ, ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನವು ಕೋರ್ಸ್ ಮುಗಿಯುವವರೆಗೆ ವರ್ಷಕ್ಕೆ 30,000 ರೂ. ನೀಡುತ್ತದೆ. ಅರ್ಹರು ಮೊದಲು ಅದಕ್ಕೆ ಅರ್ಜಿ ಹಾಕಿ. ತುಂಬಲು ನೆರವು ಬೇಕಾದರೆ ನಮ್ಮ ಕಚೇರಿಗೆ ಬನ್ನಿ. ಅದು ದೊರೆತವರು ನಮಗೆ ತಿಳಿಸಿದರೆ ಆ ಜಾಗ ಇನ್ನೊಬ್ಬರಿಗೆ ಸಿಗುತ್ತದೆ. ನಮ್ಮ ವಿದ್ಯಾರ್ಥಿವೇತನ ಪಡೆಯುತ್ತಿರುವವರು ಪ್ರತಿ ವರ್ಷದ ಅಂಕಪಟ್ಟಿ ಮತ್ತು ಶುಲ್ಕದ ರಸೀದಿಯನ್ನು ಸಮಯಕ್ಕೆ ಸರಿಯಾಗಿ ಒಪ್ಪಿಸಿ. ನಾಳೆ ಪ್ರತಿಷ್ಠಾನದವರು ನಮ್ಮ ಮೂರು ವರ್ಷದ ಕೆಲಸದ ದಾಖಲೆ ಕೇಳಿದಾಗ, ನಾವು ಮೇಜಿನ ಮೇಲೆ ಇಡುವುದು ಅವನ್ನೇ.