ಆಭಾ ಕಾರ್ಡು ತೋರಿಸಿದರೆ ಬಿಲ್ ಮನ್ನಾ ಆಗದು

ಶಿವಮೊಗ್ಗವಿರಲಿ, ಭದ್ರಾವತಿಯಿರಲಿ, ಸೈಬರ್ ಸೆಂಟರಿನಲ್ಲಿ ಆಭಾ ಕಾರ್ಡು ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ, ಇನ್ನು ಐದು ಲಕ್ಷದವರೆಗೆ ಚಿಕಿತ್ಸೆ ಪುಕ್ಕಟೆ ಎಂದು ನಿಶ್ಚಿಂತರಾದವರಿಗೆ ಬರವಿಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಅದು ನಡೆಯದಿದ್ದಾಗ ಬೈಗುಳ ತಿನ್ನುವುದು ಅಲ್ಲಿ ಕೂತ ಸಿಬ್ಬಂದಿ.

ಆಭಾ ಎಂಬುದು 14 ಅಂಕಿಗಳ ಗುರುತಿನ ಸಂಖ್ಯೆ, ಅಷ್ಟೇ. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇದನ್ನು ಕೊಡುತ್ತದೆ. ಲ್ಯಾಬ್ ರಿಪೋರ್ಟು, ಔಷಧಿ ಚೀಟಿ, ಡಿಸ್ಚಾರ್ಜ್ ಪತ್ರ ಎಲ್ಲವೂ ಒಬ್ಬರದೇ ಎಂದು ಜೋಡಿಸುವುದು ಅದರ ಕೆಲಸ. ಕೋಟ್ಯಧಿಪತಿಯೂ ಮಾಡಿಸಬಹುದು, ಯಾರಿಗೂ ಕಡ್ಡಾಯವಲ್ಲ.

ಬಿಲ್ ಕಟ್ಟುವುದು ಬೇರೆಯೇ ಯೋಜನೆ: 2018ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಅದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಇದನ್ನು ತೀರ್ಮಾನಿಸುವುದು ರೇಷನ್ ಕಾರ್ಡು. ಅದಿದ್ದರೂ ಸೀದಾ ಖಾಸಗಿ ಆಸ್ಪತ್ರೆಗೆ ಹೋಗಿ ದಾಖಲಾಗುವಂತಿಲ್ಲ. ತುರ್ತು ಚಿಕಿತ್ಸೆ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಭದ್ರಾವತಿಯವರಾದರೆ ಮೊದಲು ತಾಲ್ಲೂಕು ಆಸ್ಪತ್ರೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಆ ಮಿಷನ್ನಿಗೂ ಈ ಯೋಜನೆಗೂ ‘ಆಯುಷ್ಮಾನ್ ಭಾರತ್’ ಎಂಬ ಒಂದೇ ಹೆಸರು ಅಂಟಿಸಿದವರಿಗೂ ಈ ಗೊಂದಲದಲ್ಲಿ ಪಾಲಿದೆ ಅನ್ನಿ.

ಉಳಿದ ನಂಬಿಕೆಗಳು ಚಿಲ್ಲರೆ. ಸಂಖ್ಯೆ ಪಡೆದ ಮಾತ್ರಕ್ಕೆ ಹಳೆಯ ಕಾಯಿಲೆಯ ಚರಿತ್ರೆಯೆಲ್ಲ ಮೊಬೈಲಿಗೆ ಬಂದು ಬೀಳದು. ಆಸ್ಪತ್ರೆ ಅದನ್ನು ಡಿಜಿಟಲ್ ಮಾಡಿ ಜೋಡಿಸಿರಬೇಕು. ಎಲ್ಲರ ಗುಟ್ಟೂ ದಿಲ್ಲಿಯ ಒಂದೇ ಕಂಪ್ಯೂಟರಿನಲ್ಲಿದೆ ಎಂಬುದೂ ಸುಳ್ಳು: ದಾಖಲೆ ಆಯಾ ಆಸ್ಪತ್ರೆಯಲ್ಲೇ ಉಳಿದು, ರೋಗಿ ಒಪ್ಪಿದರಷ್ಟೇ ಬೇರೆ ವೈದ್ಯರಿಗೆ ಕಾಣುವಂತೆ ವ್ಯವಸ್ಥೆಯನ್ನು ರೂಪಿಸಲಾಗಿದೆ.

ಕಾರ್ಡಿನ ಮೇಲಿನ ಈ ಭಕ್ತಿ ಜನರಿಗೆ ಮಾತ್ರ ಅಂಟಿಲ್ಲ. 70 ಕೋಟಿಗೂ ಹೆಚ್ಚು ಆಭಾ ಸಂಖ್ಯೆ ಕೊಟ್ಟಿದ್ದೇವೆ ಎಂದು ಬೀಗುವ ಸರ್ಕಾರಕ್ಕೂ ಅದೇ ಜ್ವರ. ಎಷ್ಟು ಸಂಖ್ಯೆಯ ಹಿಂದೆ ನಿಜವಾದ ದಾಖಲೆಯಿದೆ ಎಂದು ಕೇಳುವವರು ಕಡಿಮೆ.

ನಿಜವಾದ ದಾಖಲೆಯಿದ್ದರೆ ಅದು ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ಇದೇ ಶಿವಮೊಗ್ಗ ಜಿಲ್ಲೆಯಲ್ಲಿ ಉದಾಹರಣೆಯಿದೆ. ಸೊರಬ ಕಡೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದು ಸಾಲುಸಾಲಾಗಿ ಸಾಯುತ್ತಿದ್ದ ಮಂಗಗಳ ಜಾಡು ಹಿಡಿದು. 2020ರಲ್ಲಿ ಭಾರತ ಮತ್ತು ಬ್ರಿಟನ್‌ನ ಸಂಶೋಧಕರು ರೋಗಿಗಳ ಮಾಹಿತಿಯನ್ನು ಕಾಡು, ತೋಟ, ನಾಟಿ ದನಗಳ ಲೆಕ್ಕದೊಂದಿಗೆ ಕೂಡಿಸಿ, ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆಯ ಅಪಾಯ ಎಲ್ಲಿ ಹೆಚ್ಚು ಎಂಬ ನಕ್ಷೆ ಪ್ರಕಟಿಸಿದರು.