ಮಾಳಿಗೆಯ ಮಣ್ಣೂ ಬಳ್ಳಾರಿಯ ಬಿಸಿಲೂ

ಬಳ್ಳಾರಿಯ ಬೇಸಗೆಯನ್ನು ಬಲ್ಲವರಿಗೆ ಅದರ ವರ್ಣನೆ ಬೇಕಾಗಿಲ್ಲ. ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಅಲ್ಲಿ ಅಪರೂಪವಲ್ಲ. ವರ್ಷದ ಮಳೆ ಸುಮಾರು ೫೦೦ ಮಿಲಿಮೀಟರು ಮಾತ್ರ. ಊರಿನ ಗ್ರಾನೈಟ್ ಗುಡ್ಡಗಳೆರಡೂ ಹಗಲೆಲ್ಲ ಬಿಸಿಲನ್ನು ಹೀರಿ ರಾತ್ರಿ ಅದನ್ನು ಹೊರಸೂಸುತ್ತವೆ. ಇಂಥ ಸ್ಥಳದಲ್ಲಿ ವಿದ್ಯುತ್ತಿನ ಬೀಸಣಿಗೆಯೂ ಇಲ್ಲದೆ ನಮ್ಮ ಹಿರಿಯರು ಹೇಗೆ ಬಾಳಿದರು? ಈ ಪ್ರಶ್ನೆಗೆ ಉತ್ತರ ದೊರೆತರೆ, ಹಳೆಯ ಊರುಗಳನ್ನು ಏಕೆ ಉಳಿಸಿಕೊಳ್ಳಬೇಕೆಂಬ ಪ್ರಶ್ನೆಗೂ ಅರ್ಧ ಉತ್ತರ ದೊರೆತಂತೆ.

ಗುಡ್ಡದ ಮೇಲಣ ಕೋಟೆಯನ್ನು ಪಾಳೆಯಗಾರ ಹನುಮಪ್ಪನಾಯಕನು ಕಟ್ಟಿಸಿದನೆಂದು ಹೇಳುತ್ತಾರೆ. ಕೆಳಗಣ ಕೋಟೆ ಹೈದರಾಲಿಯ ಕಾಲದ್ದು. ೧೮೦೦ರಲ್ಲಿ ನಿಜಾಮನು ಈ ಸೀಮೆಯನ್ನು ಇಂಗ್ಲಿಷರ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ದಂಡಿನ ಊರಾಯಿತು. ದಂಡಿನ ಜೊತೆಗೆ ಪೇಟೆಗಳೂ ಬೆಳೆದುವು. ಬ್ರೂಸ್‌ಪೇಟೆ, ಕೌಲ್ ಬಜಾರ್ ಎಂಬ ಹೆಸರುಗಳು ಆ ಕಾಲವನ್ನು ಇಂದಿಗೂ ನೆನಪಿಸುತ್ತವೆ. ‘ಕೌಲು’ ಎಂದರೆ ಗೊತ್ತಾದ ಷರತ್ತುಗಳ ಮೇಲೆ ನೆಲವನ್ನು ಕೊಡುವ ಕರಾರು. ಹೀಗೆ ಒಂದು ಬೀದಿಯ ಹೆಸರೂ ಚರಿತ್ರೆಯ ದಾಖಲೆಯಾಗಬಲ್ಲುದು.

ಈಗ ಈ ಸೀಮೆಯ ಹಳೆಯ ಮಾಳಿಗೆ ಮನೆಯನ್ನು ನೋಡೋಣ. ಕಲ್ಲುಮಣ್ಣಿನ ಗೋಡೆ ಎರಡು ಅಡಿಯಷ್ಟು ದಪ್ಪವಿರುವುದುಂಟು. ತೊಲೆ ಜಂತೆಗಳ ಮೇಲೆ ಮಣ್ಣನ್ನು ದಪ್ಪನಾಗಿ ಹರಡಿ, ಬಡಿದು ಗಟ್ಟಿಮಾಡಿರುತ್ತಾರೆ. ಬಿಸಿಲಿನ ಶಾಖವು ಇಂಥ ಪದರವನ್ನು ಒಮ್ಮೆಲೇ ದಾಟಲಾರದು. ಅದರ ಬಹುಭಾಗ ಪದರವನ್ನೇ ಕಾಯಿಸಲು ವ್ಯಯವಾಗುತ್ತದೆ. ಉಳಿದುದು ಮೆಲ್ಲಮೆಲ್ಲನೆ ಸರಿದು ಒಳಮೈಯನ್ನು ಮುಟ್ಟುವಷ್ಟರಲ್ಲಿ ಹಲವು ಗಂಟೆಗಳು ಕಳೆದಿರುತ್ತವೆ. ಮಧ್ಯಾಹ್ನದ ಬಿಸಿ ಒಳಗೆ ತಲಪುವಾಗ ಹೊರಗೆ ಇರುಳು ತಂಪಾಗಿರುತ್ತದೆ. ಮನೆಯವರು ಮಾಳಿಗೆಯ ಮೇಲೆ ಹಾಸಿಕೊಂಡು ಮಲಗಿರುತ್ತಾರೆ! ನಾಲ್ಕೈದು ಅಂಗುಲದ ಕಾಂಕ್ರೀಟು ಚಾವಣಿಯಲ್ಲಿ ಈ ವಿಳಂಬ ಬಹಳ ಕಡಮೆ. ಸಂಜೆಯ ಹೊತ್ತಿಗೇ ಅದು ಕಾದ ಹಂಚಿನಂತಾಗುತ್ತದೆ.

ಮಣ್ಣಿನ ಮಾಳಿಗೆ ಮಳೆಗೆ ಕರಗುವುದಿಲ್ಲವೇ ಎಂದು ಓದುಗರು ಕೇಳಬಹುದು. ಹಿಂದಿನವರು ಮೇಲಿನ ಪದರಕ್ಕೆ ಆರಿಸುತ್ತಿದ್ದುದು ಬೆಳೆ ಬಾರದ ಚೌಳು ಮಣ್ಣನ್ನು. ಒಳ್ಳೆಯ ಹೊಲದ ಮಣ್ಣಿನಲ್ಲಿ ಕ್ಯಾಲ್ಸಿಯಂ ಧಾತುವು ಜೇಡಿಯ ಕಣಗಳನ್ನು ಗುಂಪುಗುಂಪಾಗಿ ಹಿಡಿದಿಡುತ್ತದೆ. ಗುಂಪುಗಳ ನಡುವಣ ಸಂದುಗಳಲ್ಲಿ ನೀರು ಇಳಿಯುತ್ತದೆ. ಚೌಳು ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ತಗುಲಿದೊಡನೆ ಗುಂಪುಗಳು ಚದರಿ, ಸೂಕ್ಷ್ಮ ಕಣಗಳು ಉಬ್ಬಿ ಸಂದುಗಳನ್ನು ಮುಚ್ಚಿಬಿಡುತ್ತವೆ. ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಹೊಲದಲ್ಲಿ ರೈತನನ್ನು ಅಳಿಸುವ ಗುಣವೇ ಮಾಳಿಗೆಯ ಮೇಲೆ ಅವನನ್ನು ಕಾಯುತ್ತದೆ.

ಇಂಥ ಮನೆಯ ಗೋಡೆಗೆ ಸಿಮೆಂಟಿನ ಗಿಲಾವು ಹಾಕಿದರೆ ಭದ್ರವಾಗುವುದೆಂದು ಅನೇಕರ ನಂಬಿಕೆ. ಆದರೆ ಮಣ್ಣಿನ ಗೋಡೆ ನೆಲದಿಂದ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಸುಣ್ಣದ ಗಾರೆಯ ರಂಧ್ರಗಳ ಮೂಲಕ ಆ ತೇವವು ಆವಿಯಾಗಿ ಹೊರಹೋಗಬಲ್ಲುದು. ಬಿಗಿಯಾದ ಸಿಮೆಂಟು ಅದನ್ನು ತಡೆಯುತ್ತದೆ. ಒಳಗೇ ಉಳಿದ ತೇವದಿಂದ ಮಣ್ಣು ಸಡಿಲವಾಗಿ, ಕೆಲವು ವರ್ಷಗಳಲ್ಲಿ ಗಿಲಾವಿನೊಡನೆ ಗೋಡೆಯೂ ಕಳಚಬಹುದು. ಹಳೆಯ ಕಟ್ಟಡಕ್ಕೆ ಅದರ ಜಾತಿಯದೇ ಔಷಧ ಬೇಕು.

ಕೋಟೆ ಗುಡಿಗಳಿಗೆ ಕಾನೂನಿನ ರಕ್ಷಣೆಯುಂಟು. ೧೯೫೮ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ೨೦೧೦ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ ೧೦೦ ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ; ಅದರಾಚೆಯ ೨೦೦ ಮೀಟರಿನಲ್ಲಿ ಅನುಮತಿ ಬೇಕು. ಸಾಮಾನ್ಯ ಬೀದಿಯ ಸಾಮಾನ್ಯ ಮನೆಗೆ ಇಂಥ ಆಸರೆಯಿಲ್ಲ. ರಕ್ಷಣೆಯ ಇನ್ನೊಂದು ಮುಖವನ್ನು ಹಂಪಿಯಲ್ಲಿ ಕಂಡೆವು. ೧೯೮೬ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕ್ಷೇತ್ರದಲ್ಲಿ, ೨೦೧೧ರಲ್ಲಿ ವಿರೂಪಾಕ್ಷ ಗುಡಿಯ ಮುಂದಣ ಬಜಾರಿನ ಮಂಟಪಗಳಲ್ಲಿ ನೆಲಸಿದ್ದವರ ಮನೆ ಅಂಗಡಿಗಳನ್ನು ಕೆಡವಲಾಯಿತು. ಕಲ್ಲು ಉಳಿಯಿತು, ಬಜಾರು ಉಳಿಯಿತೆನ್ನಬಹುದೇ?

ಹಳೆಯದೆಲ್ಲ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಮಣ್ಣಿನ ಮಾಳಿಗೆಯನ್ನು ಮಳೆಗಾಲಕ್ಕೆ ಮುಂಚೆ ದುರಸ್ತಿಮಾಡುತ್ತಿರಬೇಕು. ಮರಕ್ಕೆ ಗೆದ್ದಲಿನ ಭಯ. ಬಲ್ಲ ಕೆಲಸಗಾರರೂ ವಿರಳ. ನೋಡುವವರ ಸಂತೋಷಕ್ಕಾಗಿ ಮನೆಯವನು ಸೋರುವ ಸೂರಿನಡಿ ಇರಬೇಕೆನ್ನುವುದು ನ್ಯಾಯವಲ್ಲ. ಮನೆಗೆ ನಲ್ಲಿ, ಶೌಚಾಲಯ, ಚರಂಡಿಗಳು ಬರಲಿ. ದುರಸ್ತಿಗೆ ಸಾಲವೂ ಸಲಹೆಯೂ ದೊರೆಯಲಿ. ನೆರಳು ಕೊಡುವ ಇಕ್ಕಟ್ಟಾದ ಓಣಿ ಮಾತ್ರ ಅನಾವಶ್ಯಕವಾಗಿ ಅಗಲವಾಗದಿರಲಿ. ಊರನ್ನು ಉಳಿಸುವುದೆಂದರೆ ಅಲ್ಲಿಯ ಬಾಳನ್ನು ಉಳಿಸುವುದು.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದೇ ದಿನ ಮಾಳಿಗೆ ಮನೆಯಲ್ಲೊಂದು, ಕಾಂಕ್ರೀಟು ಮನೆಯಲ್ಲೊಂದು ಉಷ್ಣತಾಮಾಪಕವನ್ನು ತೂಗುಹಾಕಿ, ಗಂಟೆಗೊಮ್ಮೆ ಗುರುತುಹಾಕಿ, ರೇಖಾಚಿತ್ರ ಬರೆಯಲಿ. ಎರಡು ರೇಖೆಗಳ ಶಿಖರಗಳು ಯಾವ ಹೊತ್ತಿಗೆ, ಎಷ್ಟು ಎತ್ತರಕ್ಕೆ ಬರುತ್ತವೆಂಬುದನ್ನು ನೋಡಿದರೆ, ತಮ್ಮ ಊರನ್ನು ಹೇಗೆ ಕಟ್ಟಬೇಕೆಂಬ ಚರ್ಚೆಯಲ್ಲಿ ಪಾಲುಗೊಳ್ಳುವ ಯೋಗ್ಯತೆ ಅವರಿಗೆ ಬಂದಿರುತ್ತದೆ.